ಜೀಪಿನ ಎತ್ತರ ಎರಡೂಕಾಲು ಇಂಚು

ನಮ್ಮ ಮನೆಯ ಜೀಪಿಗೆ ನನ್ನ ದೊಡ್ಡ ಮೊಮ್ಮಗನಿಗಿಂತ ಹೆಚ್ಚು ವಯಸ್ಸು. ನನ್ನ ಯಜಮಾನರು ಕೊಂಡದ್ದು. ಅವರು ಹೋದ ಮೇಲೆ ಮನೆ, ನಾಯಿ, ನಾಲ್ಕು ಎಕರೆ ಕಾಫಿ ತೋಟದ ಜೊತೆಗೆ ಅದೂ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ಜೀಪು ಓಡಿಸುತ್ತೇನೆ. ನಮ್ಮ ಮೂಡಿಗೆರೆ ಕಡೆ ಇದೇನೂ ದೊಡ್ಡ ಸಂಗತಿಯಲ್ಲ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಬೇರೆ ಗಾಡಿ ಹತ್ತುವುದೇ ಇಲ್ಲ.

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಜೀಪಿನ ಸುತ್ತ ಎರಡು ಸಲ ತಿರುಗಿ, "ಅಜ್ಜಿ, ಇದನ್ನ ಎತ್ತಿಸ್ಬೇಕು" ಅಂದ.

"ಎತ್ತಿಸೋದು ಅಂದ್ರೆ? ಕೆಸರಲ್ಲಿ ಹೂತಿಲ್ವಲ್ಲೋ."

"ಅಯ್ಯೋ ಹಾಗಲ್ಲ. ಲಿಫ್ಟ್ ಮಾಡ್ಸೋದು. ಕೆಳಗಿನ ಪಟ್ಟಿ, ಶಾಕಪ್ ಎಲ್ಲಾ ಬದಲಾಯಿಸಿ ಬಾಡಿನ ಮೇಲಕ್ಕೆ ತರೋದು. ಆಮೇಲೆ ನೋಡಿ, ಎಂಥಾ ಕಲ್ಲುದಾರಿ ಆದ್ರೂ ತಟ್ಟಲ್ಲ."

ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಜ್ಜಿಗೆ ಮೊಮ್ಮಗನ ಮಾತಿನ ಮೇಲೆ ಇರಬೇಕಾದಷ್ಟಕ್ಕಿಂತ ಹೆಚ್ಚು ನಂಬಿಕೆ ಇರುತ್ತದೆ. "ಖರ್ಚು ಎಷ್ಟು?" ಎಂದು ಮಾತ್ರ ಕೇಳಿದೆ. ಕೇಳಬೇಕಾಗಿದ್ದ ಬೇರೆ ಪ್ರಶ್ನೆಗಳು ಆಮೇಲೆ ಹೊಳೆದವು.

ಮುಂದಿನದನ್ನು ಹೇಳುವ ಮೊದಲು ಜೀಪಿನ ಹೊಟ್ಟೆಯ ಕೆಳಗೆ ಏನಿರುತ್ತದೆ ಎಂದು ಮಕ್ಕಳಿಗೆ ಹೇಳಿಬಿಡುತ್ತೇನೆ. ಅಜ್ಜಂದಿರಿಗೆ ಜಟಕಾ ಗಾಡಿ ನೆನಪಿರಬಹುದು. ಅದರ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಿದ್ದರು. ಎತ್ತಿನ ಗಾಡಿಗೆ ಅದಿಲ್ಲ, ಅದಕ್ಕೇ ಎತ್ತಿನ ಗಾಡಿಯಲ್ಲಿ ಕೂತವರ ಹಲ್ಲು ಕಟಕಟ ಎನ್ನುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರ ಹೊತ್ತಿಗೆ, ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಜೀಪು ತಯಾರಾದಾಗ ಅದಕ್ಕೂ ಹಾಕಿದ್ದು ಇಂಥವೇ ಪಟ್ಟಿಗಳನ್ನು. ಯುದ್ಧ ಮುಗಿದ ಮೇಲೆ ಆ ಜೀಪುಗಳ ಬಿಡಿಭಾಗ ತರಿಸಿ ನಮ್ಮ ದೇಶದಲ್ಲಿ ಜೋಡಿಸತೊಡಗಿದವರು ಮಹೀಂದ್ರದವರು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಗುಡುಗುಡು ಎನ್ನುವ ಹಳೇ ಜೀಪುಗಳೆಲ್ಲ ಆ ವಂಶದವು. ಮುಂದೆ ಒಂದು, ಹಿಂದೆ ಒಂದು ಗಟ್ಟಿ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಸೇರಿಸುವ ಅಚ್ಚು. ಅದಕ್ಕೆ ಸೇರಿಕೊಂಡು ಕಮಾನು ಪಟ್ಟಿಯ ಕಟ್ಟು. ಕಟ್ಟನ್ನು ಅಚ್ಚಿಗೆ ಬಿಗಿಯುವುದು 'ಯು' ಆಕಾರದ ಬೋಲ್ಟುಗಳು. ಪಟ್ಟಿಯ ಒಂದು ತುದಿ ಚಾಸಿಗೆ ನೇರವಾಗಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ಚಿಕ್ಕ ಉಯ್ಯಾಲೆಯಲ್ಲಿ ತೂಗಾಡುತ್ತದೆ. ಪಟ್ಟಿ ಚಪ್ಪಟೆಯಾದಾಗ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಬೇಡವೇ? ಅದಕ್ಕೆ ಈ ಉಯ್ಯಾಲೆ.

ಪಟ್ಟಿ ಯಾಕೆ ಒಂದೇ ದಪ್ಪನೆಯದಲ್ಲ, ಹಲವು ತೆಳುವಾದವು? ಇದಕ್ಕೆ ಮನೆಯಲ್ಲೇ ಪ್ರಯೋಗ ಮಾಡಿ. 30 ಸೆಂಟಿಮೀಟರಿನ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿನಿಂದ ಅರ್ಧ ಹೊರಗೆ ಚಾಚಿ, ಒಳಗಿನ ತುದಿಯನ್ನು ದಪ್ಪ ಪುಸ್ತಕಗಳಿಂದ ಒತ್ತಿಡಿ. ಹೊರಗಿನ ತುದಿಗೆ ದಾರದಲ್ಲಿ ಪುಟ್ಟ ಚೀಲ ಕಟ್ಟಿ ಒಂದೊಂದೇ ನಾಣ್ಯ ಹಾಕುತ್ತಾ ಎಷ್ಟು ಬಾಗಿತು ಅಳೆಯಿರಿ. ನಾಣ್ಯ ಎರಡರಷ್ಟಾದರೆ ಬಾಗುವುದೂ ಹೆಚ್ಚುಕಡಿಮೆ ಎರಡರಷ್ಟು. ಇದನ್ನು ಕಂಡುಹಿಡಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಬೇರೆಯವರು ಕದ್ದಾರು ಎಂಬ ಭಯಕ್ಕೆ ಅವನು 1676ರಲ್ಲಿ ಈ ನಿಯಮವನ್ನು ಒಂದು ಒಗಟಾಗಿ ಅಚ್ಚು ಹಾಕಿಸಿದ! ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಬಿಡಿಸಿ ವರ್ಣಮಾಲೆಯ ಕ್ರಮದಲ್ಲಿ ಬರೆದಿಟ್ಟ, ಅಷ್ಟೇ. ಬಿಡಿಸಿ ಹೇಳಿದ್ದು ಎರಡು ವರ್ಷ ಬಿಟ್ಟು, 1678ರಲ್ಲಿ. ನನ್ನ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಈಗ ಒಂದರ ಮೇಲೊಂದು ಎರಡು ಸ್ಕೇಲು ಇಡಿ, ಅಂಟಿಸಬೇಡಿ. ಎರಡು ಪಟ್ಟು ಬಿಗಿಯಾಗುತ್ತದೆ. ಎರಡನ್ನೂ ಗೋಂದು ಹಾಕಿ ಗಟ್ಟಿಯಾಗಿ ಅಂಟಿಸಿಬಿಟ್ಟರೆ ಎರಡು ಪಟ್ಟಲ್ಲ, ಲೆಕ್ಕದ ಪ್ರಕಾರ ಎಂಟು ಪಟ್ಟು! ದಪ್ಪ ಎರಡರಷ್ಟಾದರೆ ಬಿಗಿ ಎರಡನ್ನು ಮೂರು ಸಲ ಗುಣಿಸಿದಷ್ಟು. ಒಂದೇ ದಪ್ಪ ಪಟ್ಟಿ ಹಾಕಿದರೆ ಜೀಪು ಬಂಡೆಯಂತೆ ಕುಳಿತುಬಿಡುತ್ತದೆ. ತೆಳು ಪಟ್ಟಿಗಳು ಒಂದರ ಮೇಲೊಂದು ಜಾರುತ್ತಾ ಬಾಗುತ್ತವೆ, ಅದಕ್ಕೇ ನಡುನಡುವೆ ಗ್ರೀಸು ಬಳಿಯುವುದು.

ಮೊಮ್ಮಗ ಜೀಪನ್ನು ಪೇಟೆಯ ಒಂದು ವರ್ಕ್‌ಶಾಪಿಗೆ ಒಯ್ದು ಮೂರು ದಿನ ಬಿಟ್ಟು ತಂದ. ಮಾಡಿಸಿದ್ದು ಇಷ್ಟು: ಶ್ಯಾಕಲ್ ತೆಗೆದು ಎರಡು ಇಂಚು ಉದ್ದದ್ದು ಹಾಕಿಸಿದ. ಪ್ರತಿ ಕಟ್ಟಿಗೂ ಒಂದೊಂದು ಹೆಚ್ಚಿನ ಪಟ್ಟಿ ಸೇರಿಸಿದ. ಉದ್ದನೆಯ ಶಾಕಪ್ ಹಾಕಿಸಿದ. ದೊಡ್ಡ ಟೈರು ಬೇಕೆಂದಿದ್ದ, ಅಷ್ಟರಲ್ಲಿ ನಾನು ಕೊಟ್ಟ ದುಡ್ಡು ಮುಗಿದಿತ್ತು.

ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿ ಇದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಟೈಲರಿಂಗ್ ಟೇಪು ಹಿಡಿದು ಹಿಂದಿನ ಬಲಗಡೆ ಅಚ್ಚಿಗೂ ಚಾಸಿಗೂ ನಡುವಿನ ಸಂದು ಅಳೆದಳು. ಮೊದಲು ಐದೂಕಾಲು ಇಂಚು ಇದ್ದದ್ದು ಈಗ ಏಳೂವರೆ. ಎರಡೂಕಾಲು ಇಂಚು ಮೇಲೆದ್ದಿದೆ. "ಎರಡು ಇಂಚು ಉದ್ದದ ಶ್ಯಾಕಲ್ಲಿಂದ್ಲೇ ಎರಡು ಇಂಚು ಬಂದಿದ್ದಾ?" ಎಂದು ಕೇಳಿದಳು. ಇಲ್ಲ. ಶ್ಯಾಕಲ್ ಇರುವುದು ಪಟ್ಟಿಯ ಒಂದು ತುದಿಯಲ್ಲಿ ಮಾತ್ರ, ಅಚ್ಚು ಇರುವುದು ನಡುವೆ. ಒಂದು ತುದಿ ಎರಡು ಇಂಚು ಸರಿದರೆ ನಡು ಸರಿಯುವುದು ಒಂದೇ ಇಂಚು. ಉಳಿದದ್ದು ಹೆಚ್ಚಿನ ಪಟ್ಟಿಯದು.

ಆಮೇಲೆ ಅವಳು ಹಿಂದಿನ ಅಚ್ಚಿನ ನಡುವೆ ಗುಂಡಗಿರುವ ಡಿಫರೆನ್ಷಿಯಲ್ಲಿನಿಂದ ನೆಲದವರೆಗೆ ಅಳೆದಳು. ಮೊದಲು ಎಂಟೂಕಾಲು ಇಂಚು. ಈಗಲೂ ಎಂಟೂಕಾಲು.

"ಅಣ್ಣಾ, ಇದು ಎತ್ತರ ಆಗೇ ಇಲ್ವಲ್ಲ?"

ಮೊಮ್ಮಗನ ಮುಖ ನೋಡಬೇಕಿತ್ತು. ಪಟ್ಟಿ ಎತ್ತುವುದು ತನ್ನ ಮೇಲಿರುವ ಬಾಡಿಯನ್ನು. ಅಚ್ಚು ಇರುವುದು ಚಕ್ರದ ನಡುವಿಗೆ ಸರಿಯಾಗಿ. ಅದು ಮೇಲೇಳಬೇಕಾದರೆ ಚಕ್ರವೇ ದೊಡ್ಡದಾಗಬೇಕು. ಕಲ್ಲಿಗೆ ಮೊದಲು ತಗಲುವುದು ಆ ಡಿಫರೆನ್ಷಿಯಲ್ಲೇ. ಹಾಗಂತ ಎತ್ತಿಸಿದ್ದು ಪೂರಾ ದಂಡವಲ್ಲ. ದಿಬ್ಬ ಹತ್ತುವಾಗ ಮುಂದಿನ ಬಂಪರ್, ದಿಬ್ಬ ದಾಟುವಾಗ ಹೊಟ್ಟೆ ನೆಲಕ್ಕೆ ತಟ್ಟುವುದು ಕಡಿಮೆಯಾಗುತ್ತದೆ. ಆದರೆ ಅವನು ನನಗೆ ಹೇಳಿದ್ದು 'ಎಂಥಾ ಕಲ್ಲುದಾರಿ ಆದ್ರೂ' ಎಂದು.

ನನಗೆ ಕಷ್ಟವಾದದ್ದು ಹತ್ತಲು. ನನ್ನ ಮಂಡಿ ಎರಡೂಕಾಲು ಇಂಚನ್ನು ಒಪ್ಪಲಿಲ್ಲ. ಹಾಲು ಕರೆಯುವ ಮಣೆಯನ್ನು ಜೀಪಿನಲ್ಲೇ ಇಟ್ಟುಕೊಳ್ಳತೊಡಗಿದೆ. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಕೊಟ್ಟಿಗೆಹಾರದ ಕಡೆ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿ ಕೈ ಸಡಿಲ ಬಿಟ್ಟರೆ ಮೊದಲು ತಾನೇ ನೇರಕ್ಕೆ ಬರುತ್ತಿತ್ತು. ಈಗ ಬರುವುದಿಲ್ಲ, ಎಳೆದೇ ತರಬೇಕು. ನೇರ ರಸ್ತೆಯಲ್ಲೂ ಕುಡಿದವನ ಹಾಗೆ ಅತ್ತಿತ್ತ ಹೋಗುತ್ತಿತ್ತು.

ನಿಮ್ಮ ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಅದು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ನಿಮ್ಮ ಕಡೆಗೆ ವಾಲಿರುತ್ತದೆ. ಜೀಪಿನ ಮುಂಚಕ್ರ ತಿರುಗುವ ಕೀಲೂ ಹಾಗೇ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಓಡುವ ಚಕ್ರ ತಾನಾಗಿ ನೇರಕ್ಕೆ ಬರುವುದು ಈ ವಾಲಿನಿಂದ. ನಮ್ಮ ಜೀಪಿನಲ್ಲಿ ಮುಂದಿನ ಪಟ್ಟಿಯ ಶ್ಯಾಕಲ್ ಇರುವುದು ಅದರ ಮುಂದಿನ ತುದಿಯಲ್ಲಿ. ಶ್ಯಾಕಲ್ ಉದ್ದವಾದಾಗ ಪಟ್ಟಿಯ ಮುಂದಿನ ತುದಿ ಕೆಳಗಿಳಿಯಿತು, ಅಚ್ಚು ಮುಂದಕ್ಕೆ ಹೊರಳಿತು, ವಾಲು ಮಾಯವಾಯಿತು. ಪಟ್ಟಿಗೂ ಅಚ್ಚಿಗೂ ನಡುವೆ ಬೆಣೆಯಂಥ ತುಂಡು ಕೊಟ್ಟು ಅದನ್ನು ಸರಿಪಡಿಸಬಹುದು. ಕೊಟ್ಟಿರಲಿಲ್ಲ.

ಡಿಸೆಂಬರ್ ಬಂತು. ಅರೇಬಿಕಾ ಕೊಯ್ಲು. ಒಂದು ಸಂಜೆ ಮೇಲಿನ ತೋಟದಿಂದ ಹಣ್ಣಿನ ಮೂಟೆ ತರಲು ನಾನು ಹೊರಟೆ. ಪುಟ್ಟಿಯೂ ಹತ್ತಿಕೊಂಡಳು. ದಾರಿಗೆ ಅಡ್ಡವಾಗಿ ಒಂದು ಬಸಿಗಾಲುವೆ ಇದೆ, ಓರೆಯಾಗಿಯೇ ದಾಟಬೇಕು. ದಾಟುವಾಗ ಹಿಂದಿನ ಎಡಚಕ್ರ ಕಾಲುವೆಗೆ ಇಳಿದು ಒಂದು ಕ್ಷಣ ನೇತಾಡಿದಂತಾಯಿತು. ಅದು ಯಾವಾಗಲೂ ಆಗುವುದೇ, ನಾನು ಗಮನ ಕೊಡಲಿಲ್ಲ. ಮೇಲೆ ಹೋಗಿ ನಾಲ್ಕು ಮೂಟೆ ಹಾಕಿಕೊಂಡು ತಿರುಗಿದೆವು. ಇಳಿಜಾರು ಶುರುವಾದಲ್ಲಿ ಬ್ರೇಕ್ ಒತ್ತಿದೆ. ಪೆಡಲು ಮೆತ್ತಗಿತ್ತು. ಇನ್ನೊಮ್ಮೆ ಒತ್ತಿದೆ. ಹಲಗೆಯವರೆಗೂ ಹೋಯಿತು. ಹಿಡಿಯಲಿಲ್ಲ.

ಬಲಕ್ಕೆ ಧರೆ. ಎಡಕ್ಕೆ ಕಾಫಿ ಗಿಡ, ಅದರಾಚೆ ಹಳ್ಳ.

"ಏರಿದ ಗೇರಲ್ಲೇ ಇಳೀಬೇಕು" ಎಂದು ಯಜಮಾನರು ಕಲಿಸುವಾಗ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆ ಅಭ್ಯಾಸದಿಂದಲೇ ನಾನು ಫೋರ್‌ವೀಲಿನ ಲೋ ಗೇರಿನಲ್ಲಿ, ಒಂದನೇ ಗೇರಿನಲ್ಲಿ ಇಳಿಯುತ್ತಿದ್ದೆ. ಇಂಜಿನ್ ಜೀಪನ್ನು ಹಿಡಿದಿತ್ತು, ನಡಿಗೆಗಿಂತ ಸ್ವಲ್ಪ ಜೋರು ಅಷ್ಟೇ. ಹ್ಯಾಂಡ್ ಬ್ರೇಕ್ ಎಳೆದೆ. ನಮ್ಮದರಂಥ ಹಳೆಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಗೇರ್ ಪೆಟ್ಟಿಗೆಯ ಹಿಂದಿನಿಂದ ಹಿಂಚಕ್ರಕ್ಕೆ ಹೋಗುವ ಶಾಫ್ಟನ್ನು. ಅದಕ್ಕೆ ಬ್ರೇಕ್ ಆಯಿಲ್ಲಿನ ಹಂಗಿಲ್ಲ. ಜೀಪು ಮುಗ್ಗರಿಸಿದಂತಾಗಿ ನಿಧಾನವಾಯಿತು. ಬಲಕ್ಕೆ ತಿರುಗಿಸಿ ಧರೆಗೆ ಮೂತಿ ಒರಗಿಸಿ ನಿಲ್ಲಿಸಿದೆ. ಒಂದು ಮೂಟೆ ಉರುಳಿ ಬಿಚ್ಚಿಕೊಂಡು ಹಣ್ಣೆಲ್ಲ ಜೀಪಿನ ತುಂಬ ಹರಡಿತು. ಪುಟ್ಟಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಬಗ್ಗಿ ನೋಡಿ, "ಅಜ್ಜಿ, ಇಲ್ಲೊಂದು ಪೈಪು ಒದ್ದೆಯಾಗಿದೆ" ಅಂದಳು. ನನ್ನ ಕೈ ನಡುಗುವುದು ನಿಂತದ್ದು ಮನೆಗೆ ನಡೆದು ಬಂದು ಕಾಫಿ ಕುಡಿದ ಮೇಲೆ.

ಮರುದಿನ ನಮ್ಮೂರಿನ ಹಳೇ ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದೆ. ಮಿಲಿಟರಿಯವರು ಹರಾಜು ಹಾಕಿದ ಜೀಪುಗಳ ಕೆಳಗೆ ಮಲಗಿ ಕೆಲಸ ಕಲಿತ ಮನುಷ್ಯ. ಅವರು ಜೀಪಿನಡಿ ನುಸುಳಿ ಎರಡೇ ನಿಮಿಷಕ್ಕೆ ಹೊರಬಂದರು.

"ಟೀಚರಮ್ಮ, ಒಂದು ಕರುವಿಗೆ ಮೂರು ಹಗ್ಗ ಕಟ್ಟಿದೀರ ಅಂತಿಟ್ಕೊಳ್ಳಿ. ಕರು ಓಡಿದ್ರೆ ಎಳೆತ ಯಾವ ಹಗ್ಗದ ಮೇಲೆ ಬೀಳುತ್ತೆ?"

"ಗಿಡ್ಡ ಹಗ್ಗದ ಮೇಲೆ."

"ಹಾಂ. ಮೊದ್ಲು ಗಿಡ್ಡ ಹಗ್ಗ ಶಾಕಪ್ಪು. ಅದು ಗಟ್ಟಿ, ತಡ್ಕೊಳ್ಳುತ್ತೆ. ಈಗ ಉದ್ದದ್ದು ಹಾಕಿದಾರೆ. ಬ್ರೇಕಿನ ರಬ್ಬರ್ ಹೋಸು ಹಳೇದೇ ಬಿಟ್ಟಿದಾರೆ. ಗಿಡ್ಡ ಹಗ್ಗ ಈಗ ಅದೇ."

ಕಾಲುವೆಯಲ್ಲಿ ಚಕ್ರ ನೇತಾಡಿದಾಗ ಅಚ್ಚಿನ ಭಾರವನ್ನೆಲ್ಲ ಆ ಬೆರಳು ದಪ್ಪದ ರಬ್ಬರ್ ಕೊಳವೆ ಎಳೆದು ಹಿಡಿದಿತ್ತು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ಬ್ರೇಕು. ಎಲ್ಲಿ ಸೋರಿದರೂ ನಾಲ್ಕೂ ಹೋಯಿತು. ಈಗಿನ ಕಾರುಗಳಲ್ಲಿ ಎರಡು ಸಾಲು ಇರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ.

ಮೊಮ್ಮಗನಿಗೆ ಫೋನ್ ಮಾಡಿದೆ. ಬೈಯಬೇಕೆಂದುಕೊಂಡಿದ್ದೆ. ಅವನೇ ಅತ್ತುಬಿಟ್ಟ. ಶನಿವಾರ ರಾತ್ರಿಯ ಬಸ್ಸಿಗೆ ಬಂದು ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ಕಿನ ಜೊತೆ ಜೀಪಿನಡಿ ಮಲಗಿದ. ತಪ್ಪು ಅವನೊಬ್ಬನದಲ್ಲ. ಕೆಲಸ ಮಾಡಿದವರು ಹೇಳಬೇಕಿತ್ತು. ದುಡ್ಡು ಕೊಟ್ಟ ನಾನು ಒಮ್ಮೆ ಕೆಳಗೆ ಬಗ್ಗಿ ನೋಡಬೇಕಿತ್ತು.

"ಎತ್ತರ ಮಾಡೋಕೆ ಮೊದ್ಲು ಎಷ್ಟು ಎತ್ತರ ಕಳಕೊಂಡಿದೆ ನೋಡೋಣ" ಎಂದರು ಮೆಕ್ಯಾನಿಕ್. ಸೇರಿಸಿದ್ದನ್ನೆಲ್ಲ ಬಿಚ್ಚಿ ಹಳೆಯ ಪಟ್ಟಿ ಕಟ್ಟನ್ನು ಅಂಗಳದಲ್ಲಿಟ್ಟರು. ಬಿಲ್ಲಿನಂತೆ ಇರಬೇಕಾದದ್ದು ಬಾಳೆಹಣ್ಣಿನಷ್ಟೂ ಬಾಗಿರಲಿಲ್ಲ. ಎಷ್ಟೋ ವರ್ಷ ಮೂಟೆ ಹೊತ್ತು ಜಗ್ಗಿಹೋಗಿತ್ತು. ಬಲಗಡೆಯದು ಎಡಗಡೆಗಿಂತಲೂ ಹೆಚ್ಚು. ಅಂದರೆ ನಾವು ಎತ್ತಿಸಲು ಹೊರಟದ್ದು ಕುಸಿದು ಕೂತ ಜೀಪನ್ನು. ಪುಟ್ಟಿಯ ಪುಸ್ತಕದ ಐದೂಕಾಲು ಇಂಚು ಜೀಪಿನ ಸಹಜ ಎತ್ತರವೇ ಆಗಿರಲಿಲ್ಲ.

ಕಂಪನಿಯ ಅಳತೆಯ ಹೊಸ ಪಟ್ಟಿ ಕಟ್ಟುಗಳು ಬಂದವು. ಶ್ಯಾಕಲ್ ಮೊದಲಿನ ಅಳತೆಯದು. ಕೀಲುಗಳ ಬುಷ್ ಎಲ್ಲ ಹೊಸದು. 'ಯು' ಬೋಲ್ಟ್ ಹಳೆಯವು ನೋಡಲು ಚೆನ್ನಾಗಿಯೇ ಇದ್ದವು, ನಾನು ಎತ್ತಿಡಲು ಹೋದರೆ ಮೆಕ್ಯಾನಿಕ್ ಗುಜರಿ ಡಬ್ಬಕ್ಕೆ ಎಸೆದರು. ಒಮ್ಮೆ ಪೂರ್ತಿ ಬಿಗಿದ ಬೋಲ್ಟ್ ಎಳೆದುಕೊಂಡಿರುತ್ತದಂತೆ, ಇನ್ನೊಮ್ಮೆ ಅಷ್ಟೇ ಬಿಗಿ ಹಿಡಿಯುವ ಭರವಸೆ ಇಲ್ಲ. ಬ್ರೇಕ್ ಹೋಸ್ ಮೂರೂ ಹೊಸದು. ಶಾಕಪ್ ಸರಿಯಾದ ಉದ್ದದ್ದು.

ಶಾಕಪ್ ಕೆಲಸ ಏನೆಂದು ಪುಟ್ಟಿ ಕೇಳಿದಳು. ಸೂಜಿ ಇಲ್ಲದ ಸಿರಿಂಜಿಗೆ ನೀರು ತುಂಬಿಸಿ ಕೊಟ್ಟೆ. ನಿಧಾನ ಒತ್ತಿದರೆ ಸಲೀಸಾಗಿ ಹೋಗುತ್ತದೆ. ರಪ್ಪನೆ ಒತ್ತಿದರೆ ತಡೆಯುತ್ತದೆ. ಶಾಕಪ್ಪಿನೊಳಗೆ ಎಣ್ಣೆ ಹೀಗೆಯೇ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಭಾರ ಹೊರುವುದು ಪಟ್ಟಿ, ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕಪ್. ಜೀಪು ಎತ್ತಿಸಿ ಹಳೆಯ ಶಾಕಪ್ಪನ್ನೇ ಉಳಿಸಿದರೆ ಅದು ನಿಂತಲ್ಲೇ ಮುಕ್ಕಾಲು ಎಳೆದುಕೊಂಡಿರುತ್ತದೆ, ಗುಂಡಿ ಬಂದಾಗ ಇನ್ನು ಚಾಚಲು ಜಾಗವಿಲ್ಲದೆ ದಢ್ ಎನ್ನುತ್ತದೆ. ತೀರ ಉದ್ದದ್ದು ಹಾಕಿದರೆ ಪಟ್ಟಿ ಪೂರ್ತಿ ಅದುಮಿದಾಗ ಅದು ಒಳಗೇ ತಳ ಮುಟ್ಟಿ ಒಡೆಯುತ್ತದೆ. ಅದಕ್ಕೆ ತಕ್ಕಂತೆ ಚಾಸಿಗೆ ಹಾಕಿರುವ ರಬ್ಬರ್ ತಡೆಗಟ್ಟೆಯನ್ನೂ ಉದ್ದ ಮಾಡಬೇಕು. ಒಂದು ಮುಟ್ಟಿದರೆ ಇನ್ನೊಂದು. ಹಿಂಚಕ್ರಕ್ಕೆ ಹೋಗುವ ಶಾಫ್ಟಿನ ಕಥೆಯೂ ಅದೇ. ಜೀಪು ಗಿಡ್ಡ ಗಾಡಿ, ಶಾಫ್ಟೂ ಗಿಡ್ಡ. ನಾಲ್ಕು ಇಂಚು ಎತ್ತಿದರೆ ಅದರ ಓರೆ ಕಡಿದಾಗಿ ಎರಡೂ ತುದಿಯ ಕ್ರಾಸ್ ಬೇಗ ಸವೆಯುತ್ತವೆ.

ಮೊಮ್ಮಗ ಪಟ್ಟಿಯ ತುದಿಯ ಬೋಲ್ಟುಗಳನ್ನು ಜೀಪು ಜಾಕಿಯ ಮೇಲಿದ್ದಾಗಲೇ ಪೂರ್ತಿ ಬಿಗಿದಿದ್ದ. ಮೆಕ್ಯಾನಿಕ್ ಎಲ್ಲವನ್ನೂ ಸಡಿಲ ಮಾಡಿಸಿದರು. ಜೀಪು ತನ್ನ ಕಾಲ ಮೇಲೆ ನಿಂತ ನಂತರವೇ ಕೊನೆಯ ಬಿಗಿ. ಇಲ್ಲದಿದ್ದರೆ ಬುಷ್‌ನ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇಳಿಸಿ, ಹಿಂದೆ ಮುಂದೆ ನಾಲ್ಕು ಸಲ ಓಡಿಸಿ ನಿಲ್ಲಿಸಿದ ಮೇಲೆ ಪುಟ್ಟಿ ಟೇಪು ತಂದಳು. ಆರೂಮುಕ್ಕಾಲು. ಮೊಮ್ಮಗ ಎತ್ತಿಸಿದ್ದ ಎರಡೂಕಾಲು ಇಂಚಿನಲ್ಲಿ ಒಂದೂವರೆ ಇಂಚು ಏನೂ ಎತ್ತಿಸದೆ ಬಂದಿತ್ತು! ಸ್ಟೇರಿಂಗ್ ಮೊದಲಿನಂತೆ ತಾನೇ ನೇರಕ್ಕೆ ಬರುತ್ತದೆ.

ಊಟದ ಹೊತ್ತಿಗೆ ಮೊಮ್ಮಗ ಮತ್ತೆ ಶುರುಮಾಡಿದ. "ಅಜ್ಜಿ, ಎಲ್ಲಾ ಪಾರ್ಟ್ಸ್ ಸರಿಯಾಗಿ ಬದಲಾಯಿಸಿ ನಾಲ್ಕು ಇಂಚು ಎತ್ತಿಸಿದ್ರೆ?" ನಾನು ಕಾಗದ ಪೆನ್ನು ತಂದೆ. ಜೀಪಿನ ಎರಡು ಚಕ್ರಗಳ ನಡುವಿನ ಅಗಲ ಸುಮಾರು 48 ಇಂಚು, ಅರ್ಧ 24. ಭಾರದ ಕೇಂದ್ರ ನೆಲದಿಂದ 26 ಇಂಚು ಮೇಲಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 24ನ್ನು 26ರಿಂದ ಭಾಗಿಸಿ ಕೋನ ತೆಗೆದರೆ ಸುಮಾರು 43 ಡಿಗ್ರಿ ವಾಲುವವರೆಗೆ ಜೀಪು ಮಗುಚುವುದಿಲ್ಲ. ಕೇಂದ್ರ 30 ಇಂಚಿಗೆ ಏರಿದರೆ 39 ಡಿಗ್ರಿ. ಇದು ನಿಂತ ಜೀಪಿನ ಲೆಕ್ಕ. ತಿರುವಿನಲ್ಲಿ ಓಡುವಾಗ, ಪಟ್ಟಿ ಒಂದು ಕಡೆ ಅದುಮಿದಾಗ, ಇದಕ್ಕಿಂತ ಬಹಳ ಮೊದಲೇ ಮಗುಚುತ್ತದೆ. "ಬಾಡಿ ಮಾತ್ರ ಏರೋದು, ಅಚ್ಚು ಚಕ್ರ ಅಲ್ಲೇ ಇರುತ್ತೆ, ಕೇಂದ್ರ ಪೂರ್ತಿ ನಾಲ್ಕು ಇಂಚು ಏರಲ್ಲ" ಎಂದು ಅವನು ವಾದಿಸಿದ. ಸರಿಯಾದ ಮಾತೇ. ಮಾರ್ಕ್ಸ್ ಕೊಟ್ಟೆ, ಒಪ್ಪಿಗೆ ಕೊಡಲಿಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಿಸಿದ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟವಾಗಿ ಹೇಳಿದೆ. ಸವೆದ ಪಟ್ಟಿ ತೆಗೆದು ಅದೇ ಅಳತೆಯ ಹೊಸದು ಹಾಕುವುದು ರಿಪೇರಿ. ನಾಲ್ಕು ಇಂಚು ಎತ್ತಿಸಿ ಸಾರ್ವಜನಿಕ ರಸ್ತೆಗೆ ತರುವುದು ಬೇರೆ ಮಾತು, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

500 ಕಿಲೋಮೀಟರ್ ಓಡಿದ ಮೇಲೆ 'ಯು' ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಸಬೇಕೆಂದು ಮೆಕ್ಯಾನಿಕ್ ಹೇಳಿ ಹೋಗಿದ್ದರು, ಬಿಗಿಸಿದ್ದಾಯಿತು. ಹಾಲು ಕರೆಯುವ ಮಣೆ ಕೊಟ್ಟಿಗೆಗೆ ವಾಪಸು ಹೋಗಿದೆ. ಪುಟ್ಟಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆದು ಬರೆಯುತ್ತಾಳೆ, ಆಮೇಲೆ ಅಂಗಾತ ಮಲಗಿ ಮೂರೂ ಹೋಸ್‌ಗಳನ್ನು ಮುಟ್ಟಿ ನೋಡುತ್ತಾಳೆ. ಹೋದ ವಾರ ಹಿಂದಿನ ಬಲಗಡೆ ಆರೂವರೆ ಬಂದಿತ್ತು. ಕಾಲು ಇಂಚು ಕಡಿಮೆ. ಹೊಸ ಪಟ್ಟಿ ಮೊದಮೊದಲು ಸ್ವಲ್ಪ ಕೂರುತ್ತದೆ ಎಂದರೂ ಅವಳು ಕೇಳಲಿಲ್ಲ. ನನ್ನ ಫೋನು ತೆಗೆದುಕೊಂಡು ಮೆಕ್ಯಾನಿಕ್ಕಿಗೆ ಹಚ್ಚಿಯೇಬಿಟ್ಟಳು.